ತಾಯಿ ಮಗು ಕ್ಷೇಮವೆಂದ ಮೇಲೆ

ಹೆರಿಗೆಯ ಕೋಣೆಯಿಂದ ಹೊರಬೀಳುವ ಸುದ್ದಿಗಳಲ್ಲಿ ‘ತಾಯಿ ಮಗು ಇಬ್ಬರೂ ಕ್ಷೇಮ’ ಎಂಬುದಕ್ಕಿಂತ ಚಿಕ್ಕದೂ ಅದಕ್ಕಿಂತ ಪ್ರಿಯವಾದುದೂ ಮತ್ತೊಂದಿಲ್ಲ. ಹಿಂದೆ ಅದು ತಂತಿಯಲ್ಲಿಯೋ ಕಾರ್ಡಿನಲ್ಲಿಯೋ ಬರುತ್ತಿದ್ದಿತು. ಈಗ ಕೆಂಪು ಮೋರೆಯ ಶಿಶುವಿನ ಚಿತ್ರವೊಂದನ್ನು ಜೊತೆಗಿಟ್ಟುಕೊಂಡು ಫೋನಿನಲ್ಲಿ ಬರುತ್ತದೆ. ಬಂದೊಡನೆ ಹರಕೆ ಹೊತ್ತವರು ಅದನ್ನು ತೀರಿಸುವ ದಿನ ಗೊತ್ತುಮಾಡುತ್ತಾರೆ, ತವರಿನಲ್ಲಿ ಅಂಟಿನುಂಡೆಗೆ ಕೊಬ್ಬರಿ ತುರಿಯುವ ಸದ್ದು ಕೇಳತೊಡಗುತ್ತದೆ, ಜೋಯಿಸರಲ್ಲಿ ನಕ್ಷತ್ರ ಕೇಳಿದ್ದಾಗುತ್ತದೆ. ಆಸ್ಪತ್ರೆಯ ದಾಖಲೆಯೂ ಇದೇ ಅಭಿಪ್ರಾಯದ್ದು: ನಾಡಿ ಸರಿಯಾಗಿದೆ, ರಕ್ತದೊತ್ತಡ ಸರಿಯಾಗಿದೆ, ಹೊಲಿಗೆ ಒಣಗುತ್ತಿದೆ, ಮನೆಗೆ ಕಳುಹಿಸಬಹುದು. ಹೆರಿಗೆಯೆಂಬ ಘಟನೆ ಹೀಗೆ ಎಲ್ಲರ ಪಾಲಿಗೂ ಮುಗಿದುಹೋದ ಮೇಲೆ, ಯಾರ ದೇಹದಲ್ಲಿ ಅದು ನಡೆಯಿತೋ ಅವಳೊಬ್ಬಳ ಪಾಲಿಗೆ ಮಾತ್ರ ಮುಗಿಯದೆ, ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತಲೇ ಇರುವುದುಂಟು ಎಂಬುದನ್ನು ವೈದ್ಯಶಾಸ್ತ್ರವು ಒಪ್ಪಿಕೊಂಡದ್ದು ತೀರ ಈಚೆಗೆ. ಒಪ್ಪಲು ಅದಕ್ಕೆ ಅಷ್ಟು ಕಾಲ ಏಕೆ ಹಿಡಿಯಿತು, ಒಪ್ಪಿದ ಮೇಲೆ ಅದು ಕಂಡುಕೊಂಡದ್ದೇನು ಎಂಬುದು ಈ ಅಧ್ಯಾಯದ ವಿಷಯ.

ಅಂತಹ ತಾಯಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮಗು ಹುಟ್ಟಿತು, ಅತ್ತಿತು. ಆದರೆ ಮಾಸು ಬೀಳಲಿಲ್ಲ, ರಕ್ತ ಹರಿಯತೊಡಗಿತು. ಅದುವರೆಗೆ ಅವಳನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ ನರ್ಸುಗಳು ಈಗ ಒಬ್ಬರನ್ನೊಬ್ಬರು ಕೂಗಿಕೊಳ್ಳತೊಡಗಿದರು. ಯಾರೋ ರಕ್ತದ ಗುಂಪು ಯಾವುದೆಂದರು, ಯಾರೋ ‘ಮನೆಯವರ ಸಹಿ ತಗೊಂಡು ಬನ್ನಿ’ ಎಂದರು. ಅರಿವಳಿಕೆ ಪೂರ್ತಿ ಏರುವುದಕ್ಕೆ ಮುನ್ನವೇ, ಮಾಸನ್ನು ಕೈಯಿಂದ ಬಿಡಿಸಿ ತೆಗೆಯಲು ವೈದ್ಯರು ಮುಂದಾದರು. ಆ ಹೊತ್ತಿನಲ್ಲಿ ಅವಳು ಕಂಡದ್ದು ಮೇಲಿನ ದೀಪದ ಬಿಳಿಯ ವರ್ತುಲವನ್ನು, ಕೇಳಿದ್ದು ಉಕ್ಕಿನ ತಟ್ಟೆಯಲ್ಲಿ ಇಕ್ಕಳ ಬಿದ್ದ ಸದ್ದನ್ನು, ತಿಳಿದದ್ದು ತಾನು ಸಾಯುತ್ತಿದ್ದೇನೆ ಎಂಬುದೊಂದನ್ನು. ಸ್ವಲ್ಪ ಹೊತ್ತಿನಲ್ಲಿ ರಕ್ತ ನಿಂತಿತು. ವೈದ್ಯರು ತಮ್ಮ ಕೆಲಸವನ್ನು ನಿರ್ದುಷ್ಟವಾಗಿಯೇ ಮಾಡಿದ್ದರು. ಈಗ ಎರಡು ತಿಂಗಳಾಗುತ್ತ ಬಂದಿದೆ. ಅಡುಗೆಮನೆಯಲ್ಲಿ ಸೌಟು ಜಾರಿ ಕೆಳಗೆ ಬಿದ್ದರೆ ಅವಳ ಎದೆ ಹಾರುತ್ತದೆ, ಅಂಗೈ ಬೆವರುತ್ತದೆ, ಕ್ಷಣಕಾಲ ಅವಳು ಅಡುಗೆಮನೆಯಲ್ಲಿರದೆ ಆ ದೀಪದ ಕೆಳಗಿರುತ್ತಾಳೆ. ಮಗು ಮಲಗಿದರೂ ಅವಳು ಮಲಗಳು. ಅದರ ಉಸಿರನ್ನು ಮೂಗಿನ ಬಳಿ ಬೆರಳಿಟ್ಟು ನೋಡುತ್ತ ಕೂರುವಳು. ಆರನೆಯ ವಾರದ ಲಸಿಕೆಗೆ ಅದೇ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ ತಲೆನೋವೆಂದು ನೆವ ಹೇಳಿ ಮಗುವನ್ನು ತನ್ನ ತಾಯಿಯ ಕೈಯಲ್ಲಿ ಕಳುಹಿಸಿದಳು. ಎಲ್ಲಕ್ಕಿಂತ ಕಷ್ಟದ ಸಂಗತಿಯೆಂದರೆ, ಯುದ್ಧದಿಂದ ಮರಳಿದ ಸೈನಿಕನು ಯುದ್ಧಭೂಮಿಯಿಂದ ದೂರವಿರಬಹುದು, ಅಪಘಾತ ಕಂಡವನು ಆ ರಸ್ತೆಯನ್ನು ಬಿಟ್ಟು ಬೇರೆ ರಸ್ತೆ ಹಿಡಿಯಬಹುದು. ಇವಳಿಗಾದರೋ ಆ ದಿನವನ್ನು ನೆನಪಿಗೆ ತರುವ ಜೀವವು ಇವಳ ತೊಡೆಯ ಮೇಲೆಯೇ ಇದೆ, ಎರಡು ಗಂಟೆಗೊಮ್ಮೆ ಹಾಲಿಗೆ ಅಳುತ್ತದೆ.

ನಮ್ಮ ಹಿರಿಯರು ಬಾಣಂತಿಯ ಮನಸ್ಸಿನ ಕೇಡನ್ನು ಅರಿಯದವರೇನಲ್ಲ. ಬಾಣಂತಿ ಸನ್ನಿಯ ಭಯ ಪ್ರತಿ ಮನೆಯಲ್ಲಿಯೂ ಇದ್ದಿತು; ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿಯಿಟ್ಟು, ಗಾಳಿಯಾಡದ ಕೋಣೆಯಲ್ಲಿ ಮಲಗಿಸುತ್ತಿದ್ದುದರಲ್ಲಿ ಆ ಭಯದ ಪಾಲೂ ಉಂಟು. ಆದರೆ ಸನ್ನಿಯಲ್ಲಿ ವಾಸ್ತವದ ಪರಿವೆಯೇ ತಪ್ಪುತ್ತದೆ, ಇಲ್ಲಿ ಹಾಗಿಲ್ಲ. ಹೆರಿಗೆಯ ಮೊದಲ ವಾರದಲ್ಲಿ ಕಾರಣವಿಲ್ಲದೆ ಕಣ್ಣೀರು ಬಂದು ತಾನಾಗಿ ನಿಲ್ಲುವುದು ಬೇರೆ. ತಿಂಗಳುಗಳವರೆಗೆ ಉತ್ಸಾಹವುಡುಗಿ ಯಾವುದರಲ್ಲಿಯೂ ರುಚಿಯಿಲ್ಲದಂತಾಗುವ ಪ್ರಸವೋತ್ತರ ಖಿನ್ನತೆ ಬೇರೆ. ಆಘಾತೋತ್ತರ ಒತ್ತಡವೆಂದು ಈಗ ಕರೆಯಲ್ಪಡುವ, ಪಿಟಿಎಸ್‌ಡಿ ಎಂಬ ಮೊಟಕು ಹೆಸರಿನಿಂದ ಪ್ರಸಿದ್ಧವಾದ ಈ ವ್ಯಾಧಿಯ ಕೇಂದ್ರದಲ್ಲಿರುವುದು ದುಃಖವಲ್ಲ, ಭಯ. ಮತ್ತು ಆ ಭಯಕ್ಕೆ ನಿರ್ದಿಷ್ಟವಾದ ಒಂದು ದಿನ, ಒಂದು ಕೋಣೆ, ಒಂದು ಗಳಿಗೆಯುಂಟು. ಅದು ಕರೆಯದೆ ಮರಳಿ ಬರುತ್ತದೆ; ಅದನ್ನು ನೆನಪಿಸುವ ಸಕಲವನ್ನೂ ಮನಸ್ಸು ತಪ್ಪಿಸಿಕೊಂಡು ನಡೆಯುತ್ತದೆ; ‘ತಪ್ಪು ನನ್ನದೇ, ನನ್ನ ದೇಹವೇ ಕೈಕೊಟ್ಟಿತು’ ಎಂಬ ತೀರ್ಮಾನ ನೆಲೆಯೂರುತ್ತದೆ; ದೇಹವು ಸದಾ ಎಚ್ಚರಿಕೆಯಲ್ಲಿರುತ್ತದೆ. ಇವೆಲ್ಲ ಒಂದು ತಿಂಗಳು ಮೀರಿ ನಿಂತು ದಿನಚರಿಯನ್ನು ಕೆಡಿಸಿದಾಗ ವೈದ್ಯರು ಅದನ್ನು ವ್ಯಾಧಿಯೆನ್ನುತ್ತಾರೆ. ಖಿನ್ನತೆಯೂ ಜೊತೆಗೂಡುವುದು ಸಾಮಾನ್ಯವಾದುದರಿಂದ, ಖಿನ್ನತೆಯನ್ನು ಮಾತ್ರ ಗುರುತಿಸಿ ಅದಕ್ಕೆ ಮಾತ್ರೆ ಬರೆದುಕೊಟ್ಟು ಕೆಳಗಿರುವ ಭಯವನ್ನು ಕಾಣದೆ ಬಿಡುವುದೂ ಸಾಮಾನ್ಯ. ಬಾಣಂತಿಯರ ಖಿನ್ನತೆಯನ್ನು ಪತ್ತೆಮಾಡಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ, ಈಗ ಲೋಕದಾದ್ಯಂತ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ನಗು, ಅಳು, ನಿದ್ರೆ, ಕಳವಳಗಳ ವಿಷಯವೆಲ್ಲ ಇದೆ. ಹೆರಿಗೆ ಹೇಗಾಯಿತೆಂಬ ಪ್ರಶ್ನೆ ಮಾತ್ರ ಒಂದೂ ಇಲ್ಲ.

ವೈದ್ಯರು ಇದನ್ನು ಕಾಣಲೇ ಇಲ್ಲವೆಂದಲ್ಲ. ಫ್ರಾನ್ಸಿನ ಲೂಯಿ ವಿಕ್ಟರ್ ಮಾರ್ಸೆ ಎಂಬ ತರುಣ ವೈದ್ಯನು 1858ರಷ್ಟು ಹಿಂದೆಯೇ ಗರ್ಭಿಣಿಯರ ಮತ್ತು ಬಾಣಂತಿಯರ ಚಿತ್ತವಿಕಾರಗಳನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದು, ಹೆರಿಗೆಯ ಭೀತಿಯನ್ನು ಅದರಲ್ಲಿ ಗುರುತಿಸಿದ್ದನು. 1978ರಲ್ಲಿ ಅದೇ ದೇಶದ ಮೋನಿಕ್ ಬಿಡ್ಲೋವ್ಸ್ಕಿ ಮತ್ತು ರಾವುಲ್-ದುವಾಲ್ ಎಂಬುವರು, ದೀರ್ಘವೂ ಯಾತನಾಮಯವೂ ಆದ ಪ್ರಸವವನ್ನು ದಾಟಿದ ಕೆಲವು ಸ್ತ್ರೀಯರಲ್ಲಿ ದುಃಸ್ವಪ್ನಗಳೂ ಹಠಾತ್ ಸ್ಮೃತಿಗಳೂ ಕಾಣಿಸಿಕೊಂಡು, ಮುಂದಿನ ಬಸಿರಿನ ಕೊನೆಯ ತಿಂಗಳುಗಳಲ್ಲಿ ಮತ್ತೆ ಕೆರಳುವುದನ್ನು ವರ್ಣಿಸಿ, ಇದನ್ನು ಆಘಾತಜನ್ಯ ವಿಕಾರವೆಂದೇ ಕರೆದರು. ಆದರೆ ಅವರ ಮಾತು ಫ್ರೆಂಚ್ ಭಾಷೆಯ ಎಲ್ಲೆಯನ್ನು ದಾಟಿ ಬಹುದೂರ ಹೋಗಲಿಲ್ಲ. ಲೋಕವು ಆಗ ಮಾನಸಿಕ ಆಘಾತವೆಂದರೆ ಗಂಡಸರದು, ರಣರಂಗದ್ದು ಎಂದೇ ಎಣಿಸಿದ್ದಿತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ನಡುಗುತ್ತ, ಮಾತು ಕಳೆದುಕೊಂಡು ಕುಳಿತ ಸೈನಿಕರ ಸ್ಥಿತಿಯನ್ನು ‘ಶೆಲ್ ಶಾಕ್’ ಎಂಬ ಹೆಸರಿನಿಂದ ಚಾರ್ಲ್ಸ್ ಮಯರ್ಸ್ 1915ರಲ್ಲಿ ಪ್ರಕಟಿಸಿದಂದಿನಿಂದ, ವಿಯೆಟ್ನಾಮಿನಿಂದ ಹಿಂದಿರುಗಿದವರ ಒತ್ತಾಯದ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ಈ ವ್ಯಾಧಿಗೆ ಅಧಿಕೃತ ಸ್ಥಾನ ಕೊಟ್ಟವರೆಗೆ, ಇದರ ಚರಿತ್ರೆಯ ಬಹುಭಾಗ ಬಂದೂಕಿನ ಹೊಗೆಯಲ್ಲಿಯೇ ನಡೆಯಿತು.

ಆ ಕೈಪಿಡಿಯಲ್ಲಿ ಒಂದು ವಿಧಿಯಿತ್ತು; ಈ ವಿಷಯದ ಚರಿತ್ರೆಯಲ್ಲಿ ಅದಕ್ಕಿಂತ ವಿಡಂಬನೆಯದು ನನಗೆ ತೋರದು. ವ್ಯಾಧಿಗೆ ಕಾರಣವಾದ ಘಟನೆಯು ಮಾನವರ ಸಾಮಾನ್ಯ ಅನುಭವದ ಮೇರೆಯ ಆಚೆಗಿನದಾಗಿರಬೇಕು ಎಂಬುದೇ ಆ ವಿಧಿ. 1987ರ ಪರಿಷ್ಕರಣದಲ್ಲಿಯೂ ಅದು ಉಳಿಯಿತು, ಇನ್ನಷ್ಟು ಬಿಗಿಯೂ ಆಯಿತು. ಹೆರಿಗೆಯಷ್ಟು ಸಾಮಾನ್ಯವಾದ ಅನುಭವ ಮನುಷ್ಯಕುಲಕ್ಕೆ ಇನ್ನಾವುದಿದೆ? ಬದುಕಿರುವ ಪ್ರತಿಯೊಬ್ಬನೂ ಒಂದು ಹೆರಿಗೆಗೆ ಸಾಕ್ಷಿ. ಆದುದರಿಂದ, ಹೆತ್ತವಳು ರಕ್ತಸ್ರಾವದಲ್ಲಿ ಸಾವಿನ ಹೊಸ್ತಿಲವರೆಗೆ ಹೋಗಿಬಂದಿದ್ದರೂ, ಅವಳಿಗೆ ಆದದ್ದು ಆಘಾತವೆನ್ನಲು ಶಾಸ್ತ್ರದಲ್ಲಿ ಅವಕಾಶವಿರಲಿಲ್ಲ. ಅದು ‘ಎಲ್ಲರಿಗೂ ಆಗುವುದು’. ಇದೇ ಮಾತನ್ನು ಅವಳ ಅತ್ತೆಯೂ ಅವಳ ತಾಯಿಯೂ ಬೇರೆ ಭಾಷೆಯಲ್ಲಿ ಹೇಳುತ್ತಲೇ ಬಂದಿದ್ದರು; ಶಾಸ್ತ್ರವೂ ಲೋಕರೂಢಿಯೂ ಇಷ್ಟು ಚೆನ್ನಾಗಿ ಒಮ್ಮತವಾದದ್ದು ಅಪರೂಪ. 1994ರಲ್ಲಿ ಆ ವಿಧಿಯನ್ನು ತೆಗೆದುಹಾಕಿ, ಸಾವು ಅಥವಾ ತೀವ್ರವಾದ ಗಾಯದ ಬೆದರಿಕೆಯನ್ನು ಎದುರಿಸಿದ್ದರೆ ಸಾಕು ಎಂದು ಬರೆದರು. ಬಾಗಿಲು ತೆರೆದೊಡನೆ ಎಣಿಕೆ ಆರಂಭವಾಯಿತು. 1997ರಲ್ಲಿ ಸ್ವೀಡನ್ನಿನಲ್ಲಿ ಕ್ಲಾಸ್ ವೈಮಾ ಮತ್ತು ಸಂಗಡಿಗರು ಸುಮಾರು 1,600 ತಾಯಂದಿರನ್ನು ವಿಚಾರಿಸಿ, ನೂರಕ್ಕೆ 1.7ರಷ್ಟು ಮಂದಿಯಲ್ಲಿ ಈ ವ್ಯಾಧಿಯ ಚಿತ್ರವನ್ನು ಕಂಡರು. ಇಪ್ಪತ್ತು ವರ್ಷಗಳ ಮೇಲೆ, 2017ರಲ್ಲಿ, ಪೆಲಿನ್ ಯಿಲ್ಡಿಜ್, ಸೂಸನ್ ಏಯರ್ಸ್, ಲೂಯಿಸ್ ಫಿಲಿಪ್ಸ್ ಇವರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಮಾನ್ಯ ತಾಯಂದಿರಲ್ಲಿ ನೂರಕ್ಕೆ 4 ಎಂದೂ, ತುರ್ತು ಶಸ್ತ್ರಕ್ರಿಯೆ, ಅಕಾಲಪ್ರಸವ, ಶಿಶುಮರಣ ಮುಂತಾದ ವಿಪತ್ತುಗಳನ್ನು ಕಂಡವರಲ್ಲಿ 18.5 ಎಂದೂ ಲೆಕ್ಕ ಸಿಕ್ಕಿತು. ಇಪ್ಪತ್ತೈದು ಬಾಣಂತಿಯರಲ್ಲಿ ಒಬ್ಬಳೆಂದರೆ, ಒಂದು ದೊಡ್ಡ ಪ್ರಸೂತಿ ವಾರ್ಡಿನಲ್ಲಿ ಯಾವ ದಿನ ಹೋಗಿ ನೋಡಿದರೂ ಮುಂದೆ ಇದಕ್ಕೆ ಗುರಿಯಾಗಬಹುದಾದವಳು ಒಬ್ಬಳಾದರೂ ಇರುವಳು.

ಮರೆಯಬೇಕೆಂದು ಬಯಸಿದಷ್ಟೂ ಮರೆಯಾಗದ ಈ ನೆನಪಿನ ಸ್ವರೂಪವೇನು? ನಮ್ಮ ನಿತ್ಯದ ಸ್ಮೃತಿಯನ್ನು ಹಿಂದಿನ ಶಾನುಭೋಗರ ಖಿರ್ದಿ ಪುಸ್ತಕವೆನ್ನಬಹುದಾದರೆ, ಪ್ರತಿ ಘಟನೆಯೂ ಇಂತಹ ದಿನ, ಇಂತಹ ಸ್ಥಳ, ಇದಾದ ಮೇಲೆ ಅದು ಎಂದು ಅದರಲ್ಲಿ ದಾಖಲಾಗುತ್ತದೆ. ಬೇಕಾದಾಗ ಪುಟ ತಿರುಗಿಸಿ ನೋಡಿ ಮುಚ್ಚಿಡಬಹುದು. ಈ ದಿನ-ಸ್ಥಳಗಳ ಲೆಕ್ಕವನ್ನು ಬರೆಯುವ ಹೊಣೆ ಬಹುಮಟ್ಟಿಗೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ್ದು. ಅದರ ಪಕ್ಕದಲ್ಲಿ ಬಾದಾಮಿಯ ಗಾತ್ರದ ಅಮಿಗ್ಡಲ ಎಂಬುದಿದೆ. ಅದು ಅಪಾಯವನ್ನು ಗುರುತಿಸುತ್ತದೆ, ಆಗ ದೇಹದಲ್ಲಿ ಹೊರಡುವ ಒತ್ತಡದ ರಾಸಾಯನಿಕಗಳ ಒತ್ತಾಸೆಯಿಂದ ಆ ಗಳಿಗೆಯ ನೆನಪನ್ನು ಆಳವಾಗಿ ಅಚ್ಚೊತ್ತುತ್ತದೆ. ಭಾವೋದ್ವೇಗದ ಘಟನೆಗಳು ಏಕೆ ಮಾಸುವುದಿಲ್ಲವೆಂಬುದನ್ನು ಕ್ಯಾಲಿಫೋರ್ನಿಯಾದ ಜೇಮ್ಸ್ ಮೆಗಾ ಎಂಬ ವಿಜ್ಞಾನಿ ದಶಕಗಳ ಕಾಲ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದಾರೆ. ಭಯ ಪರಾಕಾಷ್ಠೆಗೇರಿದಾಗ, ಅಚ್ಚು ಆಳವಾಗುತ್ತದೆ, ಲೆಕ್ಕ ಬರೆಯುವವನ ಕೈ ತಪ್ಪುತ್ತದೆ. ದೀಪ, ಸದ್ದು, ವಾಸನೆಗಳು ತೇದಿಯಿಲ್ಲದ ಬಿಡಿ ಚೀಟಿಗಳಾಗಿ ಉಳಿಯುತ್ತವೆ. 1996ರಲ್ಲಿ ಕ್ರಿಸ್ ಬ್ರೂಯಿನ್ ಮತ್ತು ಸಹೋದ್ಯೋಗಿಗಳು ಮಂಡಿಸಿದ ಎರಡು ಬಗೆಯ ಸ್ಮೃತಿಯ ವಾದದ ಸಾರ ಸ್ಥೂಲವಾಗಿ ಇದೇ. ತೇದಿಯಿಲ್ಲದುದರಿಂದಲೇ ಆ ಚೀಟಿಗಳು ಕೈಗೆ ಬಂದಾಗ ‘ಅಂದು ಆದದ್ದು’ ಎಂದು ತೋರದೆ ‘ಈಗ ಆಗುತ್ತಿದೆ’ ಎಂದು ತೋರುತ್ತವೆ. ಸೌಟು ಬಿದ್ದಾಗ ಅವಳಿಗೆ ನೆನಪಾದದ್ದಲ್ಲ; ಮತ್ತೆ ನಡೆದದ್ದು.

ಹಾಗಾದರೆ ಎಷ್ಟು ರಕ್ತ ಹೋಯಿತು, ಎಷ್ಟು ಹೊಲಿಗೆ ಬಿತ್ತು ಎಂಬುದರಿಂದ ಯಾರಿಗೆ ಆಘಾತವಾದೀತೆಂದು ಹೇಳಬಹುದೇ? ಭಾಗಶಃ ಮಾತ್ರ. ಇಕ್ಕಳ, ನಿರ್ವಾತಯಂತ್ರ, ತುರ್ತು ಸಿಸೇರಿಯನ್ ಇವು ಅಪಾಯವನ್ನು ಹೆಚ್ಚಿಸುವುದು ನಿಜ. ಆದರೆ ಹದಿನೈದು ದೇಶಗಳ 50 ಅಧ್ಯಯನಗಳನ್ನು ಸೇರಿಸಿ 2016ರಲ್ಲಿ ಏಯರ್ಸ್ ಮತ್ತು ಸಂಗಡಿಗರು ಕಂಡುಕೊಂಡಂತೆ, ಹೆರಿಗೆಯ ಹೊತ್ತಿನ ಅಂಶಗಳಲ್ಲಿ ವ್ಯಾಧಿಯೊಡನೆ ಎಲ್ಲಕ್ಕಿಂತ ನಿಕಟವಾಗಿ ಹೆಣೆದುಕೊಂಡದ್ದು ತಾಯಿಗೆ ಅದು ಹೇಗೆ ಅನುಭವವಾಯಿತು ಎಂಬುದು. ಬಳಿಯಲ್ಲಿ ಆಸರೆಯಿತ್ತೇ ಇರಲಿಲ್ಲವೇ ಎಂಬುದೂ ಮುಖ್ಯವಾದವುಗಳಲ್ಲೊಂದು. ಬಸುರಿನಲ್ಲಿದ್ದ ಖಿನ್ನತೆ, ಹಿಂದಿನ ಆಘಾತಗಳು, ಹೆರಿಗೆಯ ಪೂರ್ವಭಯ, ಇವುಗಳ ಪಾಲೂ ಸಣ್ಣದಲ್ಲ. ಅಮೆರಿಕದ ಚೆರಿಲ್ ಬೆಕ್ ಎಂಬ ಪ್ರಾಧ್ಯಾಪಕಿ ಇಂತಹ ತಾಯಂದಿರ ಕಥನಗಳನ್ನು ಸಂಗ್ರಹಿಸಿ 2004ರಲ್ಲಿ ಪ್ರಕಟಿಸಿದಾಗ ಎದ್ದು ಕಂಡ ಸಂಗತಿಯೂ ಇದೇ: ವೈದ್ಯರ ಕಣ್ಣಿಗೆ ನಿತ್ಯದ ಹೆರಿಗೆಯಾಗಿದ್ದುದು ತಾಯಿಯ ಪಾಲಿಗೆ ಘೋರವಾಗಿದ್ದಿತು, ತನ್ನನ್ನು ಯಾರೂ ಮನುಷ್ಯಳೆಂದು ಗಣಿಸಲಿಲ್ಲ, ಏನಾಗುತ್ತಿದೆಯೆಂದು ಯಾರೂ ತಿಳಿಸಲಿಲ್ಲ, ಮಗು ಬಂತೆಂಬ ಸಂಭ್ರಮದಲ್ಲಿ ತನ್ನ ಪಾಡನ್ನು ಯಾರೂ ಕೇಳಲಿಲ್ಲ ಎಂಬುದೇ ಅವರ ದೂರಿನ ತಿರುಳು. ನನಗೆ ಈ ವಿಷಯದಲ್ಲಿ ಹೇಳಬೇಕಾದುದು ಬಹುಪಾಲು ಇದೊಂದೇ ಮಾತಿನಲ್ಲಿದೆ: ದೇಹವನ್ನು ಉಳಿಸುವ ಕೈಯೂ, ಆ ಉಳಿಸುವ ರೀತಿಯಿಂದ ಮನಸ್ಸನ್ನು ಗಾಯಗೊಳಿಸಬಲ್ಲುದು. ರಕ್ತ ನಿಲ್ಲಿಸುವ ತ್ವರೆಯಲ್ಲಿರುವ ವೈದ್ಯರ ಬಳಿಯಿಂದ ಸಂಭಾಷಣೆಯನ್ನು ನಿರೀಕ್ಷಿಸುವುದು ಅನ್ಯಾಯ. ಆದರೆ ತಲೆಯ ಬಳಿ ಒಬ್ಬರು ನಿಂತು ‘ರಕ್ತ ಜಾಸ್ತಿ ಹೋಗ್ತಿದೆಯಮ್ಮ, ನಿಲ್ಲಿಸ್ತಾ ಇದ್ದಾರೆ, ನಾನು ಇಲ್ಲೇ ಇದ್ದೀನಿ’ ಎನ್ನುವುದಕ್ಕೆ ಯಾವ ತ್ವರೆಯೂ ಅಡ್ಡಿಯಾಗದು. ಇದಕ್ಕೆ ಬದಲಾಗಿ ಕೆಲವು ಹೆರಿಗೆ ಕೋಣೆಗಳಲ್ಲಿ ನೋವಿನಿಂದ ಕೂಗುವವಳಿಗೆ ಸಿಕ್ಕುವ ಬೈಗುಳವೆಂಥದೆಂಬುದು ಹೆತ್ತವರಿಗೆಲ್ಲ ಗೊತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ.

ಈಚೆಗೆ ನಾವು ಹೋಗಿದ್ದ ಒಂದು ನಾಮಕರಣದಲ್ಲಿ, ಊಟವಾಗಿ ಎಲೆಯಡಕೆಗೆ ಕುಳಿತಾಗ ಹೆಂಗಸರ ಮಾತು ಸಹಜವಾಗಿ ಹೆರಿಗೆಯ ಕಡೆಗೆ ತಿರುಗಿತು. ಮಗುವಿನ ಸೋದರತ್ತೆ, ಒಳ್ಳೆಯ ಮನಸ್ಸಿನ ಹಿರಿಯಾಕೆ, ‘ಏನು ಗಾಬರಿಯಾಗಿತ್ತು ಅಂತೀರಿ, ಆದರೆ ದೇವರು ದೊಡ್ಡವನು, ಗುಂಡುಕಲ್ಲಿನ ಹಾಗೆ ಮಗು ಕೈಗೆ ಬಂತು, ಇನ್ನು ಅದನ್ನೆಲ್ಲ ಮರೆತುಬಿಡೋದಪ್ಪ’ ಎಂದರು. ಬಾಣಂತಿ ನಕ್ಕಳು, ಮಗುವಿನ ಅಂಗಿ ಬದಲಾಯಿಸಬೇಕೆಂದು ಎದ್ದು ಒಳಗೆ ಹೋದಳು. ಅಂಗಿ ಒದ್ದೆಯಾಗಿರಲಿಲ್ಲ. ಮರೆಯಬೇಕೆಂಬ ಉಪದೇಶದಲ್ಲಿ ಕೆಡುಕೇನೂ ಇಲ್ಲ. ಕಷ್ಟವೇನೆಂದರೆ, ಭಯಗೊಂಡೆನೆನ್ನುವುದೇ ಮಗುವನ್ನು ಬೇಡವೆಂದಂತೆ ಎಂಬ ಭಾವನೆಯನ್ನು ಅದು ತಾಯಿಯ ಮನಸ್ಸಿನಲ್ಲಿ ನೆಡುತ್ತದೆ. ಮಗುವಿನ ಬಗೆಗಿನ ಪ್ರೀತಿಯೂ ಅದು ಬಂದ ದಾರಿಯ ಬಗೆಗಿನ ಭೀತಿಯೂ ಒಂದೇ ಎದೆಯಲ್ಲಿ ಏಕಕಾಲಕ್ಕೆ ಇರಬಲ್ಲವು.

ಹಿಂದಿನ ಕಾಲದ ಹೆರಿಗೆಯನ್ನು ಹಾಡಿಹೊಗಳುವವರ ಪಂಗಡಕ್ಕೆ ನಾನು ಸೇರಿದವನಲ್ಲ. 2004-06ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದುದರಲ್ಲಿ ಆಸ್ಪತ್ರೆಯ ಪಾಲು ದೊಡ್ಡದು. ಈಗ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತವೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದರೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಂತಹವರು, ಹದಿನೈದು ಸಾವಿರಕ್ಕೂ ಮೀರಿದ ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡ ಆ ಮುದುಕಿ, ಕೊಡುತ್ತಿದ್ದುದು ಔಷಧವನ್ನಷ್ಟೇ ಅಲ್ಲ. ನೋವು ತೊಡಗಿದಲ್ಲಿಂದ ಮಗು ಬೀಳುವವರೆಗೆ ಸೂಲಗಿತ್ತಿ ಹೆರುವವಳನ್ನು ಬಿಟ್ಟು ಅಲುಗುತ್ತಿರಲಿಲ್ಲ. ಆಸ್ಪತ್ರೆಯು ಅಪಾಯವನ್ನು ಹೊರಗಟ್ಟುವಾಗ ಸೂಲಗಿತ್ತಿಯನ್ನೂ ಹೊರಗಟ್ಟಿತು. ತಾಯಿಯನ್ನೂ ಅತ್ತೆಯನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿತು.

ಪಕ್ಕದಲ್ಲಿ ಒಬ್ಬರಿರುವುದು ಬರಿಯ ಸಮಾಧಾನವಲ್ಲ, ಶರೀರದ ಮೇಲೂ ಪರಿಣಾಮವುಳ್ಳದ್ದು ಎಂಬುದಕ್ಕೆ ಗ್ವಾಟೆಮಾಲಾದ ಒಂದು ಜನನಿಬಿಡ ಆಸ್ಪತ್ರೆಯಲ್ಲಿ ನಡೆದು 1980ರಲ್ಲಿ ಪ್ರಕಟವಾದ ಪ್ರಯೋಗವು ಸಾಕ್ಷಿ. ಯಾವ ವೈದ್ಯಶಿಕ್ಷಣವೂ ಇಲ್ಲದ, ಗರ್ಭಿಣಿಗೆ ಅದುವರೆಗೆ ಪರಿಚಯವೂ ಇಲ್ಲದ ಹೆಂಗಸೊಬ್ಬಳು ಬೆನ್ನು ತಿಕ್ಕುತ್ತ, ಕೈ ಹಿಡಿದು, ಮಾತನಾಡಿಸುತ್ತ ಜೊತೆಗಿದ್ದವರಲ್ಲಿ ಹೆರಿಗೆಗೆ ಸರಾಸರಿ 8.8 ಗಂಟೆ ಹಿಡಿದರೆ, ಒಂಟಿಯಾಗಿದ್ದವರಲ್ಲಿ 19.3 ಗಂಟೆ ಹಿಡಿಯಿತು. ಹೋಲಿಸಿದ ತಾಯಂದಿರು 40 ಮಂದಿ ಮಾತ್ರ. ಅಷ್ಟು ದೊಡ್ಡ ಅಂತರ ಮುಂದಿನ ಅಧ್ಯಯನಗಳಲ್ಲಿ ಕಾಣಲಿಲ್ಲ, ಆದರೆ ದಿಕ್ಕು ಬದಲಾಗಲಿಲ್ಲ. ಹೆರುವವಳು ತನಗೆ ಬೇಕಾದವರನ್ನು ಜೊತೆಗಿಟ್ಟುಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿತು. ಭಾರತ ಸರ್ಕಾರವು 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವೂ ಇದನ್ನೇ ಹೇಳುತ್ತದೆ. ಸಾಲಾಗಿ ಮಂಚಗಳಿರುವ, ನಡುವೆ ಪರದೆಯಿಲ್ಲದ ಹೆರಿಗೆ ಕೋಣೆಯಲ್ಲಿ ಇನ್ನೊಬ್ಬರ ಮಾನ ಕಾಯುವುದು ಹೇಗೆಂಬ ನರ್ಸಮ್ಮನ ಪ್ರಶ್ನೆಯೂ ಸುಳ್ಳಲ್ಲ. ಪರದೆಯ ಬಟ್ಟೆಗೆ ಎಷ್ಟು ಖರ್ಚಾದೀತೆಂಬುದು ಅದಕ್ಕೆ ಮರುಪ್ರಶ್ನೆ.

ಆಘಾತವಾಗಿಹೋದ ಮೇಲೆ ಮಾಡತಕ್ಕದ್ದೇನು? ಕೂರಿಸಿಕೊಂಡು ಒಮ್ಮೆ ಎಲ್ಲವನ್ನೂ ಹೇಳಿಸಿಬಿಟ್ಟರೆ ಎದೆ ಹಗುರಾಗುತ್ತದೆಂಬುದು ಎಲ್ಲರಿಗೂ ಸಹಜವಾಗಿ ತೋರುವ ಉಪಾಯ. ಆಸ್ಟ್ರೇಲಿಯಾದಲ್ಲಿ ಶಸ್ತ್ರಕ್ರಿಯೆ, ಇಕ್ಕಳ ಅಥವಾ ನಿರ್ವಾತಯಂತ್ರದಿಂದ ಹೆತ್ತ 1,041 ತಾಯಂದಿರಲ್ಲಿ ಇದನ್ನು ಪರೀಕ್ಷಿಸಿ 2000ದಲ್ಲಿ ವರದಿ ಮಾಡಿದರು. ಮನೆಗೆ ಹೋಗುವ ಮೊದಲು ಸೂಲಗಿತ್ತಿಯೊಬ್ಬಳು ಗಂಟೆಯವರೆಗೆ ಮಾತನಾಡಿಸಿದವರು, ಮಾತನಾಡಿಸದವರಿಗಿಂತ ಆರು ತಿಂಗಳ ಮೇಲೆ ಸ್ವಲ್ಪವೂ ಮೇಲಾಗಿರಲಿಲ್ಲ. ಕೆಲವು ಅಳತೆಗಳಲ್ಲಿ ತುಸು ಕೆಳಗೇ ಇದ್ದರು. ಹಸಿ ಗಾಯವನ್ನು ಒಂದೇ ಸಲಕ್ಕೆ ಕೆದಕುವುದು ಬೇಡವೆಂದು ಬ್ರಿಟನ್ನಿನ ಮಾರ್ಗಸೂಚಿಯೂ ಹೇಳುತ್ತದೆ. ಇದಕ್ಕೆ ತದ್ವಿರುದ್ಧವಾದ, ಕೇಳಿದೊಡನೆ ನಗು ಬರುವಂಥ ಪ್ರಯೋಗವೊಂದನ್ನು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಆಂಟ್ಯೆ ಹೋರ್ಷ್ ಮತ್ತು ಸಂಗಡಿಗರು ಮಾಡಿ 2017ರಲ್ಲಿ ಪ್ರಕಟಿಸಿದರು. ತುರ್ತು ಸಿಸೇರಿಯನ್ ಆದ 56 ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ, ಆರು ಗಂಟೆಯೊಳಗೆ, ಹಾಸಿಗೆಯಲ್ಲಿ ಮಲಗಿದಂತೆಯೇ, ಮೇಲಿನಿಂದ ಬೀಳುವ ಬಣ್ಣದ ತುಂಡುಗಳನ್ನು ತಿರುಗಿಸಿ ಜೋಡಿಸುವ ‘ಟೆಟ್ರಿಸ್’ ಆಟವನ್ನು ಕಾಲು ಗಂಟೆ ಆಡಲು ಕೊಟ್ಟರು. ಅವರಿಗೆ ಮುಂದಿನ ವಾರದಲ್ಲಿ ಕರೆಯದೆ ಬರುವ ಭಯದ ಚಿತ್ರಗಳು ಉಳಿದವರಿಗಿಂತ ಕಡಿಮೆಯಾದವು. ನೆನಪು ಗಟ್ಟಿಯಾಗುವ ಮೊದಲ ಗಂಟೆಗಳಲ್ಲಿ ಮನಸ್ಸಿನ ಚಿತ್ರಶಕ್ತಿಯನ್ನು ಬೇರೆ ಚಿತ್ರಗಳಲ್ಲಿ ತೊಡಗಿಸಿದರೆ ಭಯದ ಚಿತ್ರಕ್ಕೆ ಅಚ್ಚೊತ್ತಲು ಎಡೆ ಕಿರಿದಾಗುತ್ತದೆಂಬುದು ಅದರ ಹಿಂದಿನ ತರ್ಕ. ಐವತ್ತಾರು ಮಂದಿಯ ಆಧಾರದ ಮೇಲೆ ಚಿಕಿತ್ಸೆಯ ಮಹಲನ್ನು ಕಟ್ಟಲಾಗದು; ಆದರೆ ಮಾತಿಗಿಂತ ಆಟ ಮೇಲಾಗಬಹುದೆಂಬ ಸುಳಿವೇ ಸ್ವಾರಸ್ಯವಾದುದು.

ವ್ಯಾಧಿ ನೆಲೆನಿಂತ ಮೇಲೆ ಪ್ರಯೋಜನಕ್ಕೆ ಬರುವುದು ತರಬೇತಿ ಪಡೆದ ಚಿಕಿತ್ಸಕರು ವಾರವಾರವೂ ಕುಳಿತು ನಡೆಸುವ ಚಿಕಿತ್ಸೆ. ಅಲ್ಲಿಯೂ ಆ ದಿನದ ಕಥೆಯನ್ನು ಹೇಳಿಸುತ್ತಾರೆ, ಆದರೆ ತಾಯಿ ತಡೆದುಕೊಳ್ಳಬಲ್ಲಷ್ಟನ್ನು ಮಾತ್ರ, ಮತ್ತೆ ಮತ್ತೆ, ಅವಳಿಗೆ ಆಗ ತಿಳಿಯದಿದ್ದುದನ್ನು ನಡುವೆ ಸೇರಿಸುತ್ತ: ಆ ಸದ್ದು ಇಕ್ಕಳದ್ದು, ಆ ಕೂಗು ರಕ್ತ ತರಿಸಲು, ಅದಾದ ಹತ್ತು ನಿಮಿಷಕ್ಕೆ ಸ್ರಾವ ನಿಂತಿತು, ನೀನು ಬದುಕಿದೆ. ಬಿಡಿ ಚೀಟಿಗಳಿಗೆ ತೇದಿ ಬೀಳುವುದು ಹೀಗೆ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ವಿಧಾನವೂ ಉಂಟು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಅಸ್ವಸ್ಥಳಾದ ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಘಟಕವು 2009ರಿಂದ ಇದೆ; ದೇಶದಲ್ಲಿ ಆ ಬಗೆಯದು ಅದೇ ಮೊದಲು. ದೂರದೂರಿನವರು ಕೊನೆಯ ಪಕ್ಷ 14416 ಸಂಖ್ಯೆಯ ಸರ್ಕಾರಿ ಟೆಲಿ-ಮಾನಸ್ ಸಹಾಯವಾಣಿಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಠಿಣ ಪರೀಕ್ಷೆ ಬರುವುದು ಎರಡನೆಯ ಬಸುರಿನಲ್ಲಿ. ಮೊದಲಿನದನ್ನು ಹೇಗೋ ಹುದುಗಿಸಿಟ್ಟು ಮೂರು-ನಾಲ್ಕು ವರ್ಷ ಸಂಸಾರ ನಡೆಸಿದವಳಿಗೆ, ಏಳನೆಯ ತಿಂಗಳು ಮುಗಿಯುತ್ತಿದ್ದಂತೆ ನಿದ್ರೆ ಹಾರಿ, ಹಳೆಯ ಕನಸುಗಳು ಮರಳುತ್ತವೆ. ಕೆಲವರು ಈ ಭಯದಿಂದಲೇ ಎರಡನೆಯದನ್ನು ಬೇಡವೆನ್ನುತ್ತಾರೆ. ಮನೆಯವರು ಅದಕ್ಕೆ ಹಟವೆಂದೋ ಪಟ್ಟಣದ ವಿಚಾರವೆಂದೋ ಹೆಸರಿಡುತ್ತಾರೆ. ಹೆರಿಗೆಯ ಈ ಅತಿಭೀತಿಯನ್ನು ಕ್ರಿಸ್ಟೀನಾ ಹೋಫ್‌ಬರ್ಗ್ ಮತ್ತು ಇಯಾನ್ ಬ್ರಾಕಿಂಗ್ಟನ್ 2000ದಲ್ಲಿ ವಿವರಿಸಿದಾಗ, ಕೆಲವರಲ್ಲಿ ಅದು ಹಿಂದಿನ ಹೆರಿಗೆಯ ಆಘಾತದಿಂದಲೇ ಹುಟ್ಟುವುದನ್ನು ತೋರಿಸಿದರು. ತಪಾಸಣೆಗೆ ಬಂದವಳನ್ನು ‘ಹಿಂದಿನದು ನಾರ್ಮಲ್ಲೋ ಸಿಸೇರಿಯನ್ನೋ’ ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಗುರುತು ಹಾಕಿಕೊಳ್ಳುವ ವೈದ್ಯರು, ಅದರೊಡನೆ ‘ಆ ಹೆರಿಗೆಯಲ್ಲಿ ನಿಮಗೆ ಹೆದರಿಕೆಯಾಗಿತ್ತೇನಮ್ಮ?’ ಎಂದೂ ಕೇಳಿದರೆ, ಉಳಿದುದನ್ನು ಅವಳೇ ಹೇಳುವಳು. ಅಂಥವಳೊಡನೆ ಕುಳಿತು ಹಿಂದಿನ ಹೆರಿಗೆಯ ಹಾಳೆಗಳನ್ನು ಒಂದೊಂದಾಗಿ ಓದಿ ಅರ್ಥ ಹೇಳುವುದು, ಬಿಡುವಿನ ಹೊತ್ತಿನಲ್ಲಿ ಹೆರಿಗೆ ಕೋಣೆಯನ್ನು ಒಮ್ಮೆ ತೋರಿಸುವುದು, ಯಾರು ಜೊತೆಗಿರಬೇಕೆಂಬುದನ್ನು ಮೊದಲೇ ಬರೆದಿಡುವುದು, ಪ್ರತಿ ಒಳಪರೀಕ್ಷೆಗೆ ಮುನ್ನ ಹೇಳಿ ಒಪ್ಪಿಗೆ ಪಡೆಯುವುದು, ಇಷ್ಟರಿಂದಲೇ ಹಲವರ ಕೊನೆಯ ತಿಂಗಳು ಸಹನೀಯವಾಗುತ್ತದೆ. ಇಷ್ಟಾದರೂ ಶಸ್ತ್ರಕ್ರಿಯೆಯೇ ಬೇಕೆನ್ನುವವಳಿಗೆ, ಸಾಧಕಬಾಧಕಗಳನ್ನು ತಿಳಿಸಿದ ಮೇಲೆ, ಅದನ್ನೇ ಮಾಡುವುದು ಯುಕ್ತ. ಅವಳು ಕೇಳುತ್ತಿರುವುದು ನೋವಿಲ್ಲದ ಹೆರಿಗೆಯನ್ನಲ್ಲ, ಏನು ನಡೆಯಲಿದೆಯೆಂದು ಮುಂಚಿತವಾಗಿ ಗೊತ್ತಿರುವ ಹೆರಿಗೆಯನ್ನು.